ಪೆಟ್ಟಿಗೆಯೊಳಗಿನ ಕಾರು ಓಡುವುದಿಲ್ಲ

ಪ್ರತಿಯೊಂದು ಹವ್ಯಾಸಕ್ಕೂ ತನ್ನದೇ ಆದ ಮಡಿ-ಮೈಲಿಗೆಗಳಿರುತ್ತವೆ. ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ಪುಟ್ಟ ಲೋಹದ ಮಾದರಿಗಳನ್ನು, ಅಂದರೆ ಡೈಕಾಸ್ಟ್ ಕಾರುಗಳನ್ನು, ಸಂಗ್ರಹಿಸುವವರ ವಲಯದಲ್ಲಿ ಈ ಮಡಿ ತುಸು ಹೆಚ್ಚೇ ಬಿಗಿ. ಅಲ್ಲಿ ಕೇಳಿಬರುವ ಮೊದಲ ಪ್ರಶ್ನೆ ‘ಇದು ಯಾವ ಕಾರು?’ ಎಂಬುದಲ್ಲ, ‘ಪೆಟ್ಟಿಗೆ ಇದೆಯೇ?’ ಎಂಬುದು. ಮೂಲ ರಟ್ಟಿನ ಪೆಟ್ಟಿಗೆಯೊಡನೆ, ಬಣ್ಣ ಒಂದಿಷ್ಟೂ ಮಾಸದೆ, ಯಾವ ಮಗುವಿನ ಕೈಯೂ ಸೋಕದೆ ಉಳಿದ ಕಾರಿಗೆ ಅಗ್ರಪೂಜೆ. ಅದೇ ಕಾರು ಆಡಿದ ಗುರುತುಗಳೊಡನೆ ಬಂದರೆ ಅದಕ್ಕೆ ಸಂತೆಯ ಮೂಲೆಯ ಬುಟ್ಟಿಯೇ ಗತಿ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎನ್ನುತ್ತಾರೆ. ಹವ್ಯಾಸವೂ ಊಟದ ಹಾಗೆ ತನ್ನಿಚ್ಛೆಯದೇ. ಆದರೂ ಬಹುಕಾಲದಿಂದ ಈ ಕಾರುಗಳ ಸಹವಾಸದಲ್ಲಿರುವ ನನಗೆ ಈ ಮಡಿ ಒಪ್ಪಿಗೆಯಾಗಿಲ್ಲ. ಅದಕ್ಕೆ ಕಾರಣಗಳನ್ನು ಹೇಳುವುದೇ ಈ ಬರಹದ ಉದ್ದೇಶ.

ಈ ವಿಷಯ ಹೊಸದೆನಿಸುವ ಓದುಗರಿಗಾಗಿ ಸ್ವಲ್ಪ ಹಿನ್ನೆಲೆಯನ್ನು ಹೇಳಬೇಕು. ಸತುವನ್ನು ಮುಖ್ಯವಾಗಿಟ್ಟುಕೊಂಡು, ಅದಕ್ಕೆ ಸ್ವಲ್ಪ ಅಲ್ಯೂಮಿನಿಯಂ ಮೊದಲಾದವುಗಳನ್ನು ಬೆರೆಸಿ ಕರಗಿಸಿ, ಉಕ್ಕಿನ ಅಚ್ಚಿಗೆ ಒತ್ತಡದಿಂದ ನುಗ್ಗಿಸಿ ಎರಕ ಹೊಯ್ಯುವುದೇ ಡೈಕಾಸ್ಟಿಂಗ್. ಲಿವರ್‌ಪೂಲ್ ನಗರದ ಬಿನ್ಸ್ ರಸ್ತೆಯಲ್ಲಿದ್ದ, ಫ್ರಾಂಕ್ ಹಾರ್ನ್‌ಬಿ ಸ್ಥಾಪಿಸಿದ ಮೆಕ್ಯಾನೊ ಸಂಸ್ಥೆಯು ಹೀಗೆ ತಯಾರಿಸಿದ ತನ್ನ ಪುಟ್ಟ ವಾಹನಗಳಿಗೆ ೧೯೩೪ರಲ್ಲಿ ‘ಡಿಂಕಿ ಟಾಯ್ಸ್’ ಎಂದು ಹೆಸರಿಟ್ಟಿತು. ೧೯೫೬ರಲ್ಲಿ ವೇಲ್ಸ್ ಪ್ರಾಂತದ ಸ್ವಾನ್‌ಸೀಯಿಂದ ಮೆಟಾಯ್ ಸಂಸ್ಥೆಯ ‘ಕಾರ್ಗಿ’ ಕಾರುಗಳು ಬಂದವು. ಅವುಗಳ ಕಿಟಕಿಗಳಿಗೆ ಪಾರದರ್ಶಕ ಪ್ಲಾಸ್ಟಿಕ್ ಇದ್ದುದೇ ಅಂದಿನ ದೊಡ್ಡ ಆಕರ್ಷಣೆ.

ಇವೆರಡರ ನಡುವೆ, ೧೯೫೩ರಲ್ಲಿ, ಲಂಡನ್ನಿನ ಲೆಸ್ನಿ ಸಂಸ್ಥೆಯ ‘ಮ್ಯಾಚ್‌ಬಾಕ್ಸ್’ ಹುಟ್ಟಿತು. ಅದರ ಹುಟ್ಟಿನ ಕಥೆ ನನ್ನ ವಾದಕ್ಕೆ ಬಹಳ ಮುಖ್ಯವಾದದ್ದು. ಸಂಸ್ಥೆಯ ಪಾಲುದಾರರಲ್ಲೊಬ್ಬನಾದ ಜ್ಯಾಕ್ ಓಡೆಲ್‌ನ ಮಗಳ ಶಾಲೆಯಲ್ಲಿ, ಬೆಂಕಿಪೊಟ್ಟಣದೊಳಗೆ ಹಿಡಿಸುವಷ್ಟು ಚಿಕ್ಕದಾದ ಆಟಿಕೆಯನ್ನು ಮಾತ್ರ ತರಬಹುದೆಂಬ ನಿಯಮವಿತ್ತಂತೆ. ತಂದೆ ಆ ಅಳತೆಗೆ ಸರಿಯಾಗಿ ರಸ್ತೆ ಸಮಮಾಡುವ ಪುಟ್ಟ ರೋಲರೊಂದನ್ನು ಮಾಡಿಕೊಟ್ಟ. ಉಳಿದ ಮಕ್ಕಳೂ ಅಂಥದೇ ಬೇಕೆಂದರು. ಪೆಟ್ಟಿಗೆ ಹುಟ್ಟಿದ್ದೇ ಮಗು ಆಟಿಕೆಯನ್ನು ಶಾಲೆಗೆ ಒಯ್ಯಲೆಂದು; ಮಗುವಿನಿಂದ ಆಟಿಕೆಯನ್ನು ಮರೆಮಾಡಲೆಂದಲ್ಲ. ಇಂದು ಪೆಟ್ಟಿಗೆಯನ್ನೇ ಆರಾಧಿಸುವವರು ಈ ಮಾತನ್ನು ನೆನಪಿಡಬೇಕು.

ಇನ್ನು ಈ ಆಟಿಕೆಗಳು ಅನುಕರಿಸಿದ ಕಾರುಗಳ ವಿಚಾರ. ಎರಡನೆಯ ಮಹಾಯುದ್ಧದ ನಂತರ ಸಾಲದಲ್ಲಿ ಮುಳುಗಿದ್ದ ಬ್ರಿಟನ್ನಿಗೆ ವಿದೇಶೀ ವಿನಿಮಯ ಬೇಕಾಗಿತ್ತು. ರಫ್ತು ಮಾಡುವ ಕಾರ್ಖಾನೆಗಳಿಗೆ ಉಕ್ಕಿನ ಹಂಚಿಕೆಯಲ್ಲಿ ಆದ್ಯತೆಯಿತ್ತು. ಎಂಜಿ, ಟ್ರಯಂಫ್, ಆಸ್ಟಿನ್-ಹೀಲಿ, ಜಾಗ್ವಾರ್ ಮುಂತಾದ ಎರಡು ಆಸನಗಳ ಚುರುಕಾದ ಕಾರುಗಳು ಅಮೆರಿಕದ ಹಡಗನ್ನೇರಿದವು. ೧೯೬೨ರಿಂದ ೧೯೮೦ರವರೆಗೆ ಆಬಿಂಗ್ಡನ್ ಪಟ್ಟಣದಲ್ಲಿ ತಯಾರಾದ ೫ ಲಕ್ಷಕ್ಕೂ ಹೆಚ್ಚು ಎಂಜಿಬಿ ಕಾರುಗಳಲ್ಲಿ ಬಹುಪಾಲು ಹೊರದೇಶಗಳಿಗೇ ಹೋದವು. ೧೯೬೧ರ ಮಾರ್ಚಿಯಲ್ಲಿ ಜಿನೀವಾದಲ್ಲಿ ಅನಾವರಣಗೊಂಡ ಜಾಗ್ವಾರ್ ಇ-ಟೈಪ್ ಕಾರನ್ನು ನೋಡಲು ಜನ ಮುಗಿಬಿದ್ದರು. ಕೊಳ್ಳಬಲ್ಲವರು ಮಾತ್ರ ಕೆಲವರೇ. ನಮ್ಮವರಿಗೂ ಈ ಕುಟುಂಬದ ಪರಿಚಯ ಸ್ವಲ್ಪ ಉಂಟು. ೧೯೬೧ರಿಂದ ಮದರಾಸಿನಲ್ಲಿ ತಯಾರಾಗಿ ನಮ್ಮ ಊರುಗಳ ಡಾಕ್ಟರುಗಳನ್ನೂ ವಕೀಲರನ್ನೂ ಹೊತ್ತು ತಿರುಗಿದ ಸ್ಟ್ಯಾಂಡರ್ಡ್ ಹೆರಾಲ್ಡ್, ಮೂಲತಃ ಟ್ರಯಂಫ್ ಹೆರಾಲ್ಡ್ ಕಾರೇ. ಅದರ ಚಾಸಿಯನ್ನೇ ಗಿಡ್ಡ ಮಾಡಿ ೧೯೬೨ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರನ್ನು ಕಟ್ಟಲಾಯಿತು. ಎರಡನ್ನೂ ವಿನ್ಯಾಸಗೊಳಿಸಿದವನು ಇಟಲಿಯ ಜೊವಾನಿ ಮಿಕೆಲೊಟ್ಟಿ. ಗಂಭೀರ ಅಣ್ಣ ನಮ್ಮ ಬೀದಿಗೆ ಬಂದ, ತುಂಟ ತಮ್ಮ ಅಲ್ಲೇ ಉಳಿದ ಎನ್ನಬಹುದು.

ಹೀಗೆ ತನ್ನ ದೇಶದಲ್ಲೇ ತಯಾರಾದರೂ ತನಗೆ ದಕ್ಕದ ಕಾರನ್ನು ಅಂದಿನ ಬ್ರಿಟಿಷ್ ಬಾಲಕ ಪಡೆದದ್ದು ಆಟಿಕೆಯ ರೂಪದಲ್ಲಿ. ಒಂದು ಉದಾಹರಣೆ ಸಾಕು. ಆಸ್ಟನ್ ಮಾರ್ಟಿನ್ ಡಿಬಿ೫ ಕಾರು ೧೯೬೩ರಿಂದ ೧೯೬೫ರ ಅವಧಿಯಲ್ಲಿ ತಯಾರಾದದ್ದು ಸಾವಿರದ ಆಸುಪಾಸು. ಅದೇ ಕಾರನ್ನು ಜೇಮ್ಸ್ ಬಾಂಡ್ ಚಲನಚಿತ್ರದ ಜನಪ್ರಿಯತೆಯ ಬೆನ್ನಲ್ಲಿ ಕಾರ್ಗಿ ಸಂಸ್ಥೆ ೧೯೬೫ರಲ್ಲಿ ಚಿನ್ನದ ಬಣ್ಣದಲ್ಲಿ ಹೊರತಂದಿತು. ಗುಂಡಿಯೊತ್ತಿದರೆ ಮೇಲ್ಛಾವಣಿ ತೆರೆದು ಖಳನಾಯಕನು ಆಸನದಿಂದ ಹಾರಿಬೀಳುತ್ತಿದ್ದ. ಬೆಲೆ ಹತ್ತು ಶಿಲ್ಲಿಂಗಿಗೆ ಒಂದು ಪೆನ್ನಿ ಕಡಿಮೆ. ಮಾರಾಟವಾದದ್ದು ೨೦ ಲಕ್ಷಕ್ಕೂ ಹೆಚ್ಚು. ಹಾಗಾದರೆ ಡಿಬಿ೫ ಎಂಬ ಕಾರು ಲೋಕದ ನೆನಪಿನಲ್ಲಿ ಉಳಿದದ್ದು ಆ ಸಾವಿರ ಶ್ರೀಮಂತರಿಂದಲೋ, ಈ ಲಕ್ಷಾಂತರ ಮಕ್ಕಳಿಂದಲೋ? ನನ್ನ ಉತ್ತರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಆ ಕಾರ್ಖಾನೆಗಳು ಇಲ್ಲ. ಬಿನ್ಸ್ ರಸ್ತೆಯ ಬಾಗಿಲು ೧೯೭೯ರಲ್ಲಿ ಮುಚ್ಚಿತು. ಆಬಿಂಗ್ಡನ್ನಿನ ಎಂಜಿ ಕಾರ್ಖಾನೆ ೧೯೮೦ರಲ್ಲಿ ನಿಂತಿತು. ಲೆಸ್ನಿ ೧೯೮೨ರಲ್ಲಿಯೂ ಮೆಟಾಯ್ ೧೯೮೩ರಲ್ಲಿಯೂ ದಿವಾಳಿಯಾದವು. ನಾಲ್ಕೈದು ವರ್ಷಗಳೊಳಗೆ ಕಾರಿನ ಮನೆಯೂ ಆಟಿಕೆಯ ಮನೆಯೂ ಒಟ್ಟಿಗೆ ಬರಿದಾದವು. ಹೆಸರುಗಳು ಮಾತ್ರ ಕೈ ಬದಲಾಯಿಸುತ್ತಾ ಉಳಿದಿವೆ. ಜಾಗ್ವಾರ್ ೨೦೦೮ರಿಂದ ನಮ್ಮ ಟಾಟಾ ಸಮೂಹದ ಸ್ವತ್ತು, ಎಂಜಿ ಎಂಬ ಹೆಸರು ಚೀನಾದವರ ಕೈಯಲ್ಲಿದೆ. ಹೀಗಿರುವಾಗ ಅಂಗೈಯಗಲದ ಈ ಲೋಹದ ತುಂಡುಗಳು ಕೇವಲ ಸರಕಲ್ಲ, ದಾಖಲೆಗಳು. ದಾಖಲೆಯನ್ನು ಕಾಪಾಡಬೇಕೆಂಬುದರಲ್ಲಿ ನನಗೂ ಪೆಟ್ಟಿಗೆಯವರಿಗೂ ಭಿನ್ನಾಭಿಪ್ರಾಯವಿಲ್ಲ. ಯಾವುದರ ದಾಖಲೆ ಎಂಬಲ್ಲಿ ನಮ್ಮ ದಾರಿ ಬೇರೆಯಾಗುತ್ತದೆ.

ಅವರ ವಾದವನ್ನು ನ್ಯಾಯವಾಗಿಯೇ ಮಂಡಿಸುತ್ತೇನೆ. ಕೈ ಸೋಕದ ಮಾದರಿಯಿಂದ ಕಾರ್ಖಾನೆಯ ಮೂಲ ಬಣ್ಣ ಯಾವುದು, ಚಕ್ರ ಎಂಥದು, ಪೆಟ್ಟಿಗೆಯ ಚಿತ್ರ ಹೇಗಿತ್ತು ಎಂಬುದು ನಿಖರವಾಗಿ ತಿಳಿಯುತ್ತದೆ. ಅಂಥವು ಕೆಲವಾದರೂ ಉಳಿಯಬೇಕು. ವಸ್ತುಸಂಗ್ರಹಾಲಯಗಳಿಗೆ ಅವು ಭೂಷಣ. ಇದನ್ನು ನಾನು ಒಪ್ಪುತ್ತೇನೆ. ಆದರೆ ಮುಟ್ಟದಿದ್ದ ಮಾತ್ರಕ್ಕೆ ವಸ್ತು ಶಾಶ್ವತವಾಗುತ್ತದೆಂಬುದು ಭ್ರಮೆ. ಎರಕದ ಸತುವಿನಲ್ಲಿ ಸೀಸ, ತವರಗಳಂಥ ಕಲ್ಮಶ ಎಳ್ಳಷ್ಟು ಸೇರಿದ್ದರೂ ವರ್ಷಗಳು ಉರುಳಿದಂತೆ ಲೋಹ ಒಳಗಿನಿಂದಲೇ ಬಿರಿಯುತ್ತದೆ, ಉಬ್ಬುತ್ತದೆ, ಕಡೆಗೆ ಹಪ್ಪಳದಂತೆ ಪುಡಿಯಾಗುತ್ತದೆ. ಮಹಾಯುದ್ಧಕ್ಕೆ ಮುಂಚಿನ ಡಿಂಕಿಗಳಲ್ಲಿ ಅನೇಕವು ಈ ರೋಗಕ್ಕೆ ಬಲಿಯಾಗಿವೆ. ಒಮ್ಮೆ ತಗುಲಿದರೆ ಇದಕ್ಕೆ ಮದ್ದಿಲ್ಲ. ಪೆಟ್ಟಿಗೆ ಇದನ್ನು ತಡೆಯಲಾರದು. ಇನ್ನೊಂದು ಮಾತು: ಈಗ ಹಳೆಯ ಪೆಟ್ಟಿಗೆಗಳ ಪಡಿಯಚ್ಚನ್ನು ಹೊಸದಾಗಿ ಮುದ್ರಿಸಿ ಮಾರುವವರಿದ್ದಾರೆ. ಅದು ಹೊಸದೆಂದು ಹೇಳಿ ಮಾರುವವರ ಜೊತೆಗೆ ಹೇಳದೆ ಮಾರುವವರೂ ಇದ್ದಾರೆ. ರಟ್ಟಿಗೆ ಲೋಹಕ್ಕಿಂತ ಹೆಚ್ಚು ಬೆಲೆ ಕಟ್ಟಿದ ಹವ್ಯಾಸ ಇಂಥ ಫಲವನ್ನಲ್ಲದೆ ಬೇರೇನನ್ನು ಕೊಟ್ಟೀತು?

ನನ್ನ ಬಳಿಯ ಇ-ಟೈಪ್ ಒಂದರ ಸಂಗತಿಯನ್ನು ಹೇಳುತ್ತೇನೆ. ಡಿಂಕಿಯ ಕೆಲವು ಹಳೆಯ ಅಚ್ಚುಗಳು ೧೯೬೦ರ ದಶಕದ ಕೊನೆಯ ಹೊತ್ತಿಗೆ ಕಲ್ಕತ್ತಕ್ಕೆ ಬಂದವು. ಅವುಗಳಿಂದ ‘ನಿಕಿ ಟಾಯ್ಸ್’ ಎಂಬ ಹೆಸರಿನ ಕಾರುಗಳು ನಮ್ಮ ದೇಶದಲ್ಲೇ ತಯಾರಾದವು. ಕಲ್ಕತ್ತದಲ್ಲಿ ಉದ್ಯೋಗದಲ್ಲಿದ್ದ ನನ್ನ ಅಣ್ಣ ಅಂಥದೊಂದನ್ನು ತಂದುಕೊಟ್ಟಿದ್ದ. ನಾನದನ್ನು ಗಣಿತದ ತರಗತಿಗೆ ಒಯ್ಯುತ್ತಿದ್ದೆ. ಅನುಪಾತದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಉಪಕರಣ ನನಗೆ ಸಿಗಲಿಲ್ಲ. ಈ ಮಾದರಿಗಳ ಪ್ರಸಿದ್ಧ ಅಳತೆಯಾದ ೧:೪೩ ಬಂದದ್ದು ಆಟಿಕೆಯ ರೈಲಿನಿಂದ. ಅಡಿಗೆ ೭ ಮಿಲಿಮೀಟರ್ ಎಂಬ ಲೆಕ್ಕ ಅದು. ನಾಲ್ಕೂವರೆ ಮೀಟರಿಗೆ ತುಸು ಕಡಿಮೆ ಉದ್ದದ ಇ-ಟೈಪ್, ಈ ಅಳತೆಯಲ್ಲಿ ಸುಮಾರು ೧೦೩ ಮಿಲಿಮೀಟರ್ ಆಗುತ್ತದೆ. ಮಕ್ಕಳು ಇದನ್ನು ಸುಲಭವಾಗಿ ಮಾಡುತ್ತಿದ್ದರು. ‘ಹಾಗಾದರೆ ತೂಕ?’ ಎಂದು ಕೇಳಿದಾಗ ತರಗತಿ ಸ್ತಬ್ಧವಾಗುತ್ತಿತ್ತು. ಉದ್ದ ೪೩ ಪಟ್ಟು ಕಡಿಮೆಯಾದರೆ ಗಾತ್ರ ೪೩ರ ಘನದಷ್ಟು, ಅಂದರೆ ೭೯,೫೦೭ ಪಟ್ಟು ಕಡಿಮೆ. ೧,೨೦೦ ಕಿಲೋಗ್ರಾಂ ಕಾರು ೧೫ ಗ್ರಾಂ ತೂಗಬೇಕು! ಆದರೆ ಅಂಗೈಯಲ್ಲಿರುವ ಮಾದರಿ ಅದರ ಹಲವು ಪಟ್ಟು ಭಾರ. ಏಕೆ? ನಿಜವಾದ ಕಾರಿನ ಒಂದು ಮಿಲಿಮೀಟರ್ ದಪ್ಪದ ತಗಡನ್ನು ಅದೇ ಅನುಪಾತದಲ್ಲಿ ಇಳಿಸಿದರೆ ತಲೆಗೂದಲಿಗಿಂತ ತೆಳುವಾಗುತ್ತದೆ; ಅಷ್ಟು ತೆಳುವಾಗಿ ಎರಕ ಹೊಯ್ಯಲಾಗದು, ಹೊಯ್ದರೂ ಮಗುವಿನ ಕೈಯಲ್ಲಿ ನಿಲ್ಲದು. ಆ ಭಾರವನ್ನು ಸ್ವತಃ ಎತ್ತಿ ನೋಡಿದ ಹುಡುಗ ಘನದ ಪಾಠವನ್ನು ಮರೆಯುತ್ತಿರಲಿಲ್ಲ. ಪೆಟ್ಟಿಗೆಯಲ್ಲಿಟ್ಟು ತೋರಿಸಿದ್ದರೆ ಈ ಪಾಠ ನಡೆಯುತ್ತಿತ್ತೇ?

ಆ ಕಾರು ಮೇಜಿನಿಂದ ಎಷ್ಟೋ ಸಲ ಬಿದ್ದಿದೆ. ಮುಂದಿನ ಬಂಪರು ಮುರಿದಿದೆ, ಉದ್ದ ಮೂತಿಯ ಮೇಲಿನ ಬಣ್ಣ ಹೆಬ್ಬೆರಳು ತಾಗುವಲ್ಲೆಲ್ಲ ಸವೆದು ಲೋಹ ಹೊಳೆಯುತ್ತದೆ. ಮತ್ತೆ ಬಣ್ಣ ಬಳಿಸಿರೆಂದು ಸಲಹೆ ಕೊಟ್ಟವರುಂಟು. ಅದನ್ನೂ ನಾನು ಒಪ್ಪುವುದಿಲ್ಲ. ಮೂವತ್ತು ವರ್ಷಗಳ ವಿದ್ಯಾರ್ಥಿಗಳ ಬೆರಳ ಗುರುತನ್ನು ಅರ್ಧ ಗಂಟೆಯಲ್ಲಿ ಅಳಿಸಲು ನಾನು ಸಿದ್ಧನಿಲ್ಲ.

ಇಂಗ್ಲೆಂಡಿನಲ್ಲಿ ನೆಲೆಸಿರುವ ಮಗಳ ಮನೆಗೆ ಹೋದಾಗಲೆಲ್ಲ ಕವೆಂಟ್ರಿಯ ಸುತ್ತಮುತ್ತ ನಡೆಯುವ ಹಳೆಯ ಸಾಮಾನಿನ ಸಂತೆಗಳನ್ನು ಸುತ್ತುವುದು ನನ್ನ ರೂಢಿ. ಅಲ್ಲಿ ವೃದ್ಧೆಯೊಬ್ಬರಿಂದ ಮ್ಯಾಚ್‌ಬಾಕ್ಸ್ ಸರಣಿಯ ೧೯ನೆಯ ಸಂಖ್ಯೆಯ ಎಂಜಿ ಮಿಡ್ಜೆಟ್ ಒಂದನ್ನು ಒಂದು ಪೌಂಡಿಗೆ ಕೊಂಡೆ. ಪೆಟ್ಟಿಗೆಯಿರಲಿಲ್ಲ. ತಳದಲ್ಲಿ ಮೊಳೆಯಿಂದ ಗೀಚಿದ ಒಂದು ಅಕ್ಷರವಿತ್ತು. ತನ್ನ ತಮ್ಮ ಅದನ್ನು ಸದಾ ಕಿಸೆಯಲ್ಲಿಟ್ಟುಕೊಂಡಿರುತ್ತಿದ್ದನೆಂದೂ, ರಾತ್ರಿ ಮಲಗುವಾಗಲೂ ಕೈಯಲ್ಲಿರುತ್ತಿತ್ತೆಂದೂ, ಈಗ ಅವನಿಲ್ಲವೆಂದೂ ಆಕೆ ಹೇಳಿದರು. ಪಕ್ಕದ ಮೇಜಿನಲ್ಲಿ ಅದೇ ಕಾರು ಪೆಟ್ಟಿಗೆಯೊಡನೆ ಎಷ್ಟೋ ಪಟ್ಟು ಬೆಲೆಗೆ ಕುಳಿತಿತ್ತು. ಅದರ ಬಗ್ಗೆ ಹೇಳಲು ಯಾರಲ್ಲಿಯೂ ಏನೂ ಇರಲಿಲ್ಲ. ಒಂದು ಕಾರಿನಲ್ಲಿ ಕಾರ್ಖಾನೆಯ ದಾಖಲೆ ಮಾತ್ರ ಇತ್ತು. ಇನ್ನೊಂದರಲ್ಲಿ ಬಾಲ್ಯವೊಂದರ ದಾಖಲೆಯೂ ಇತ್ತು. ಯಾವುದು ಅಪರೂಪವೆಂದು ಓದುಗರೇ ತೀರ್ಮಾನಿಸಲಿ.

ನನ್ನನ್ನು ಹೆಚ್ಚು ಕಾಡುವುದು ಬೇರೊಂದು ಚಿಂತೆ. ಆ ಸಂತೆಗಳಲ್ಲಿ ನಾನು ಕಾಣುವ ಸಂಗ್ರಾಹಕರೆಲ್ಲ ಹೆಚ್ಚುಕಡಿಮೆ ನನ್ನ ವಯಸ್ಸಿನವರೇ. ನಾವೆಲ್ಲ ಈ ಕಾರುಗಳನ್ನು ಪ್ರೀತಿಸಿದ್ದು ಅವುಗಳನ್ನು ನೆಲದ ಮೇಲೆ ಉರುಳಿಸಿದ್ದರಿಂದ, ಮರಳಿನಲ್ಲಿ ಹೂತಿದ್ದರಿಂದ, ಬೆಲೆಪಟ್ಟಿ ಓದಿದ್ದರಿಂದಲ್ಲ. ಮುಂದಿನವರಿಗೆ ‘ಮುಟ್ಟಬೇಡ’ ಎಂಬ ಒಂದೇ ಮಾತನ್ನು ಕಲಿಸಿದರೆ, ನಮ್ಮ ನಂತರ ಇವುಗಳನ್ನು ಬಯಸುವವರಾದರೂ ಯಾರು? ಬಯಸುವವರಿಲ್ಲದ ಮೇಲೆ ಪೆಟ್ಟಿಗೆಯ ಬೆಲೆಯೂ ಇರದು. ಕಾಪಾಡುವ ಅತ್ಯುತ್ಸಾಹದಲ್ಲಿ ಈ ಹವ್ಯಾಸ ತನ್ನ ವಾರಸುದಾರರನ್ನೇ ಹೊರಗಿಟ್ಟಿದೆ.

ನಮ್ಮ ದಸರೆಯ ಗೊಂಬೆಗಳ ಪದ್ಧತಿ ಈ ವಿಷಯದಲ್ಲಿ ಹೆಚ್ಚು ವಿವೇಕದ್ದು. ವರ್ಷವಿಡೀ ಹಳೆಯ ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಜೋಪಾನ ಮಾಡಿದರೂ ನವರಾತ್ರಿಗೆ ಅವು ಹೊರಬರಲೇಬೇಕು. ಬೀದಿಯ ಮಕ್ಕಳು ಬಂದು ನೋಡಲೇಬೇಕು. ಬಣ್ಣ ಮಾಸಿದ ಪಟ್ಟದ ಗೊಂಬೆಯನ್ನು ಯಾರೂ ಕೆಳಗಿನ ಮೆಟ್ಟಿಲಿಗೆ ಇಳಿಸುವುದಿಲ್ಲ. ಅಜ್ಜಿಯ ಕಾಲದ್ದೆಂದು ಮೇಲೆಯೇ ಕೂರಿಸುತ್ತಾರೆ.

ಆದ್ದರಿಂದ ಈ ಹವ್ಯಾಸವುಳ್ಳ ಮಿತ್ರರಲ್ಲಿ ನನ್ನ ಬಿನ್ನಹ ಇಷ್ಟೇ. ನಿಮ್ಮಲ್ಲಿ ನಿಜಕ್ಕೂ ಅಪೂರ್ವವಾದ, ಕೈ ಸೋಕದ ಮಾದರಿಯಿದ್ದರೆ ಅದನ್ನು ಹಾಗೆಯೇ ಇಡಿ, ಬೇಡವೆನ್ನುವುದಿಲ್ಲ. ಉಳಿದವನ್ನು ಹೊರಗೆ ತೆಗೆಯಿರಿ. ಸವೆದದ್ದಕ್ಕೆ ಹೊಸ ಬಣ್ಣ ಬಳಿಯಬೇಡಿ. ಯಾರಿಂದ ಬಂತು, ಯಾವ ಊರಿನದು, ಆಡಿದವರು ಯಾರು ಎಂಬುದನ್ನು ತಿಳಿದಷ್ಟು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ನೀವು ಹೋದ ಮೇಲೆ ಅದನ್ನು ಹೇಳುವವರಿರುವುದಿಲ್ಲ. ಮನೆಗೆ ಮಗುವೊಂದು ಬಂದರೆ ಕಪಾಟಿನ ಗಾಜಿನ ಬಾಗಿಲನ್ನು ತೆರೆದು ಒಂದನ್ನು ಅದರ ಕೈಗಿಡಿ. ಬೀಳಿಸಿದರೆ ಬೀಳಿಸಲಿ. ಬೀಳುವುದನ್ನು ತಾಳಿಕೊಳ್ಳಲೆಂದೇ ಅದನ್ನು ಲೋಹದಲ್ಲಿ ಎರಕ ಹೊಯ್ದದ್ದು.