ಹೊಂದುವುದಿಲ್ಲ ಎನ್ನುವವರು ಯಾರು?

‘ಈ ಕಟ್ಟಡ ಇಲ್ಲಿಗೆ ಹೊಂದುವುದಿಲ್ಲ.’ ಮೇಲ್ನೋಟಕ್ಕೆ ಇದು ಸೌಂದರ್ಯದ ಮಾತು. ಬಣ್ಣ, ಎತ್ತರ, ಆಕಾರಗಳ ಕುರಿತ ಮುಗ್ಧ ಅಭಿಪ್ರಾಯ. ಆದರೆ ಇತಿಹಾಸವುದ್ದಕ್ಕೂ ಈ ಮಾತು ಕಟ್ಟಡಗಳಿಗಿಂತ ಹೆಚ್ಚಾಗಿ ಮನುಷ್ಯರಿಗೆ ಅನ್ವಯವಾಗುತ್ತಾ ಬಂದಿದೆ. ಇವರು ಈ ಬೀದಿಗೆ ಹೊಂದುವುದಿಲ್ಲ, ಈ ಶಾಲೆಗೆ ಹೊಂದುವುದಿಲ್ಲ, ಈ ದೇಶಕ್ಕೆ ಹೊಂದುವುದಿಲ್ಲ. ಮನುಷ್ಯರ ಕುರಿತು ಹಾಗೆ ಹೇಳಲು ನಾಲಿಗೆ ಹಿಂಜರಿಯುವ ಕಾಲದಲ್ಲಿ ಅದೇ ಮಾತನ್ನು ಕಲ್ಲು ಮತ್ತು ಲೋಹದ ಕುರಿತು ಹೇಳಲಾಗುತ್ತದೆ. ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಎದ್ದು ನಿಂತಿರುವ ಆಫ್ರಿಕನ್ ಅಮೆರಿಕನ್ ಇತಿಹಾಸ ಮತ್ತು ಸಂಸ್ಕೃತಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಕಥೆ ಇದಕ್ಕೆ ಅತ್ಯುತ್ತಮ ನಿದರ್ಶನವಾಗಿದೆ.

2009ರ ಮಾರ್ಚ್ ಅಂತ್ಯದಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಯು ಈ ವಸ್ತುಸಂಗ್ರಹಾಲಯಕ್ಕಾಗಿ ಆರು ವಾಸ್ತುಶಿಲ್ಪಿ ತಂಡಗಳು ಸಿದ್ಧಪಡಿಸಿದ ಆರು ಮಾದರಿಗಳನ್ನು ಸಾರ್ವಜನಿಕರ ಮುಂದಿಟ್ಟಿತು. ಜಗತ್ಪ್ರಸಿದ್ಧರಾದ ನಾರ್ಮನ್ ಫಾಸ್ಟರ್, ಮೋಶೆ ಸಫ್ದಿ, ಆಂಟ್ವಾನ್ ಪ್ರೆಡಾಕ್ ಮುಂತಾದವರ ಹೆಸರುಗಳು ಅಲ್ಲಿದ್ದವು. ಒಂದು ಮಾದರಿ ಸುರುಳಿಯಂತೆ ಸುತ್ತಿಕೊಂಡಿತ್ತು. ಇನ್ನೊಂದು ನೆಲವನ್ನು ಸೀಳಿ ಮೇಲೆದ್ದ ಸ್ಫಟಿಕ ಶಿಲೆಯಂತಿತ್ತು. ಮತ್ತೊಂದು ಕಂಚಿನ ಬಣ್ಣದ ಕಿರೀಟವನ್ನು ಹೊತ್ತಿತ್ತು. ಜನರು ಬಂದರು, ನೋಡಿದರು, ಅಭಿಪ್ರಾಯ ಹೇಳಿದರು. ಕೆಲವರಿಗೆ ಕಿರೀಟದಲ್ಲಿ ತಮ್ಮ ಪೂರ್ವಜರ ಘನತೆ ಕಾಣಿಸಿತು. ಕೆಲವರಿಗೆ ಅದು ಬಿಳಿ ಅಮೃತಶಿಲೆಯ ನಡುವೆ ಇಳಿದ ಪರಕೀಯ ವಸ್ತುವಿನಂತೆ ತೋರಿತು. ಇಂಥ ಜಾಗದಲ್ಲಿ ಕಟ್ಟಡವು ಮಾತನಾಡಬಾರದು, ಒಳಗಿನ ವಸ್ತುಗಳಷ್ಟೇ ಮಾತನಾಡಬೇಕು ಎಂದವರೂ ಇದ್ದರು. ಏಪ್ರಿಲ್ 14ರಂದು ತೀರ್ಪುಗಾರರು ಕಂಚಿನ ಕಿರೀಟವನ್ನೇ ಆರಿಸಿದರು. ಅದು ಫಿಲಿಪ್ ಫ್ರೀಲನ್, ಡೇವಿಡ್ ಅಜಾಯೆ, ಮ್ಯಾಕ್ಸ್ ಬಾಂಡ್ ಹಾಗೂ ಸ್ಮಿತ್‌ಗ್ರೂಪ್ ಸಂಸ್ಥೆಗಳ ಜಂಟಿ ವಿನ್ಯಾಸವಾಗಿತ್ತು.

ಈ ಆರು ಮಾದರಿಗಳು ಬಂದ ದಾರಿ ಎಷ್ಟು ಉದ್ದವೆಂದು ತಿಳಿಯದೆ ಈ ಪ್ರತಿಕ್ರಿಯೆಗಳನ್ನು ತೂಗಲಾಗದು. ಇಂತಹ ಒಂದು ಸ್ಮಾರಕ ಬೇಕೆಂಬ ಬೇಡಿಕೆ ಹುಟ್ಟಿದ್ದು 1915ರಲ್ಲಿ. ಅಂತರ್ಯುದ್ಧದಲ್ಲಿ ಅಮೆರಿಕದ ಐಕ್ಯಕ್ಕಾಗಿ ಹೋರಾಡಿದ ಕಪ್ಪು ಸೈನಿಕರು ಮುಪ್ಪಿನಲ್ಲಿ ವಾಷಿಂಗ್ಟನ್ನಿಗೆ ಬಂದಾಗ ಅದನ್ನು ಮುಂದಿಟ್ಟರು. 1929ರಲ್ಲಿ ಅಧ್ಯಕ್ಷ ಕೂಲಿಜ್ ಕಾನೂನಿಗೆ ಸಹಿ ಹಾಕಿದರು. ಆದರೆ ಹಣ ಬರಲಿಲ್ಲ, ಆರ್ಥಿಕ ಕುಸಿತ ಬಂತು, ಕಡತ ಮುಚ್ಚಿಹೋಯಿತು. 1988ರಿಂದ ಸಂಸದ ಜಾನ್ ಲೂಯಿಸ್ ಪ್ರತಿ ಅಧಿವೇಶನದಲ್ಲೂ ಮಸೂದೆ ಮಂಡಿಸುತ್ತಾ ಬಂದರು. 1994ರಲ್ಲಿ ಸೆನೆಟರ್ ಜೆಸ್ಸಿ ಹೆಲ್ಮ್ಸ್ ಅದಕ್ಕೆ ಅಡ್ಡ ನಿಂತರು. ಇವರಿಗೆ ಕೊಟ್ಟರೆ ನಾಳೆ ಬೇರೆಯವರು ಕೇಳುತ್ತಾರೆ ಎಂಬುದು ಅವರ ವಾದವಾಗಿತ್ತು. ಕೊನೆಗೆ 2003ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಜಾರ್ಜ್ ಬುಶ್ ಸಹಿ ಹಾಕುವಾಗ ಮೊದಲ ಬೇಡಿಕೆಗೆ 88 ವರ್ಷ ತುಂಬಿತ್ತು. ಬೇಡಿಕೆಯಿಟ್ಟ ಆ ಸೈನಿಕರ ಮೊಮ್ಮಕ್ಕಳೂ ಮುದುಕರಾಗಿದ್ದರು.

ಅದೇ 2003ರಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ವಾಷಿಂಗ್ಟನ್ನಿನ ‘ನ್ಯಾಷನಲ್ ಮಾಲ್’ ಎಂದರೆ ನಮ್ಮ ನಗರಗಳಲ್ಲಿರುವಂತಹ ವ್ಯಾಪಾರ ಸಂಕೀರ್ಣವಲ್ಲ. ಸಂಸತ್ ಭವನದಿಂದ ಲಿಂಕನ್ ಸ್ಮಾರಕದವರೆಗೆ ಹರಡಿರುವ ವಿಶಾಲ ಹುಲ್ಲುಹಾಸು ಅದು. ಅಮೆರಿಕ ತನ್ನನ್ನು ತಾನು ಜಗತ್ತಿಗೆ ತೋರಿಸಿಕೊಳ್ಳುವ ಅಂಗಳ. ಈ ಅಂಗಳವು ಬಹುಪಾಲು ಪೂರ್ಣಗೊಂಡ ಕಲಾಕೃತಿ, ಇಲ್ಲಿ ಇನ್ನು ಹೊಸ ಸ್ಮಾರಕಗಳಿಗೆ ಜಾಗವಿಲ್ಲ ಎಂದು ಅಮೆರಿಕದ ಕಾಂಗ್ರೆಸ್ ಆ ವರ್ಷವೇ ಕಾನೂನು ಮಾಡಿತು. ಈ ವಸ್ತುಸಂಗ್ರಹಾಲಯಕ್ಕೆ ಆ ಅಂಗಳದಲ್ಲಿ ದಾರಿ ತೆರೆದದ್ದು ಅದರದೇ ಪ್ರತ್ಯೇಕ ಕಾನೂನು. 2006ರಲ್ಲಿ ವಾಷಿಂಗ್ಟನ್ ಸ್ಮಾರಕದ ಪಕ್ಕದ ಐದು ಎಕರೆ ಜಮೀನು ನಿಗದಿಯಾದಾಗ ಮಾಲ್‌ನ ರಕ್ಷಕರೆಂದು ಹೇಳಿಕೊಳ್ಳುವವರು ತೆರೆದ ಬಯಲು ಹಾಳಾಯಿತೆಂದು ದೂರಿದರು. ಎಲ್ಲರೂ ಊಟಕ್ಕೆ ಕುಳಿತ ಮೇಲೆ, ಅಡುಗೆ ಮಾಡಿದವನು ಕೈ ತೊಳೆದು ಬಂದಾಗ ‘ಪಂಕ್ತಿ ಭರ್ತಿಯಾಯಿತು’ ಎನ್ನುವುದು ಯಾವ ಊರಿನ ನ್ಯಾಯ?

ಅಡುಗೆ ಮಾಡಿದವನು ಎಂಬ ನಮ್ಮ ಮಾತು ಅಲಂಕಾರಕ್ಕಾಗಿ ಹೇಳಿದ್ದಲ್ಲ. ಸಂಸತ್ ಭವನವನ್ನೂ ಶ್ವೇತಭವನವನ್ನೂ ಕಟ್ಟಿದ ಕೈಗಳಲ್ಲಿ ಗುಲಾಮರ ಕೈಗಳಿದ್ದವು. ಈ ಹುಲ್ಲುಹಾಸಿನ ಆಸುಪಾಸಿನಲ್ಲೇ ಗುಲಾಮರನ್ನು ಕೂಡಿಹಾಕುವ ದೊಡ್ಡಿಗಳಿದ್ದವು. ಸ್ವತಂತ್ರ ಮನುಷ್ಯನಾಗಿದ್ದ ಸಾಲಮನ್ ನಾರ್ತಪ್‌ರನ್ನು 1841ರಲ್ಲಿ ಅಪಹರಿಸಿ ಇರಿಸಿದ್ದು ಅಂತಹದ್ದೇ ಒಂದು ದೊಡ್ಡಿಯಲ್ಲಿ. ಯಾರ ಹೆಸರಿನ ಸ್ತಂಭದ ನೋಟ ಕೆಡುತ್ತದೆಂದು ಆತಂಕಪಟ್ಟರೋ ಆ ಜಾರ್ಜ್ ವಾಷಿಂಗ್ಟನ್ ಸ್ವತಃ ಗುಲಾಮರ ಒಡೆಯರಾಗಿದ್ದರು. 1922ರಲ್ಲಿ ಗುಲಾಮಗಿರಿಯನ್ನು ಅಂತ್ಯಗೊಳಿಸಿದ ಲಿಂಕನ್‌ರ ಸ್ಮಾರಕದ ಉದ್ಘಾಟನೆಯಾದಾಗಲೂ ಕಪ್ಪು ಜನರನ್ನು ಪ್ರತ್ಯೇಕ ಜಾಗದಲ್ಲಿ ಕೂರಿಸಲಾಯಿತು. ಅಂದರೆ ಆ ಅಂಗಳದಲ್ಲಿ ಅವರು ಎಂದೂ ಇಲ್ಲದವರಲ್ಲ. ಅವರು ಸದಾ ಇದ್ದರು. ಕಾಣಿಸಕೂಡದು ಎಂಬುದಷ್ಟೇ ನಿಯಮವಾಗಿತ್ತು.

ಈಗ ‘ಹೊಂದುವುದಿಲ್ಲ’ ಎಂಬ ವಾದವನ್ನೇ ಪರೀಕ್ಷಿಸೋಣ. ಯಾವುದಕ್ಕೆ ಹೊಂದಬೇಕಿತ್ತು? ಬಿಳಿ ಕಲ್ಲಿನ ಗ್ರೀಕ್ ಮತ್ತು ರೋಮನ್ ಕಂಬಗಳಿಗೆ ಎನ್ನುತ್ತಾರೆ. ಆದರೆ ಮಾಲ್‌ನ ಅಂಚಿನಲ್ಲಿ 1855ರಲ್ಲಿ ಪೂರ್ಣಗೊಂಡ ಸ್ಮಿತ್ಸೋನಿಯನ್‌ನ ಮೂಲ ಕಟ್ಟಡವು ಕೆಂಪು ಮರಳುಗಲ್ಲಿನ, ಮಧ್ಯಯುಗದ ಕೋಟೆಯಂತಹ ಕಟ್ಟಡ. ಆರು ಮಾದರಿಗಳ ಪ್ರದರ್ಶನ ಏರ್ಪಟ್ಟದ್ದೂ ಅದೇ ಕೋಟೆಯೊಳಗೆ. 1974ರ ಹರ್ಷ್‌ಹಾರ್ನ್ ಕಲಾಸಂಗ್ರಹಾಲಯವು ಕಾಂಕ್ರೀಟಿನ ದುಂಡು ಡಬ್ಬಿಯಂತಿದೆ. ಅವು ಹೊಂದಿದವು. ಎಲ್ಲಕ್ಕಿಂತ ಮಿಗಿಲಾಗಿ ವಾಷಿಂಗ್ಟನ್ ಸ್ತಂಭವೇ ಎಲ್ಲಿಯದು? ಆ ಚೂಪು ತುದಿಯ ಕಲ್ಲಿನ ಕಂಬ ಪ್ರಾಚೀನ ಈಜಿಪ್ಟಿನ ಆಕಾರ. ಈಜಿಪ್ಟ್ ಇರುವುದು ಆಫ್ರಿಕಾ ಖಂಡದಲ್ಲಿ. ಫರೋಹನ ಆಫ್ರಿಕಾ ಅಮೆರಿಕದ ರಾಷ್ಟ್ರಪಿತನಿಗೆ ಹೊಂದುತ್ತದೆ. ಆದರೆ ನೈಜೀರಿಯಾದ ಯೊರುಬಾ ಶಿಲ್ಪಿ ಕೆತ್ತಿದ ಕಂಬದ ತಲೆಯ ಮೇಲಿನ ಕಿರೀಟದಿಂದ ಸ್ಫೂರ್ತಿ ಪಡೆದ ಆಕಾರ ಹೊಂದುವುದಿಲ್ಲ! ಆ ಸ್ತಂಭವೂ ಒಂದೇ ಉಸಿರಿನಲ್ಲಿ ಎದ್ದದ್ದಲ್ಲ. 1848ರಲ್ಲಿ ಆರಂಭವಾದ ಕೆಲಸ ನಡುವೆ ಎರಡು ದಶಕಕ್ಕೂ ಹೆಚ್ಚು ಕಾಲ ನಿಂತು 1884ರಲ್ಲಿ ಮುಗಿಯಿತು. ಮೇಲಿನ ಕಲ್ಲಿನ ಬಣ್ಣವೂ ಕೆಳಗಿನ ಕಲ್ಲಿನ ಬಣ್ಣವೂ ಇಂದಿಗೂ ಬೇರೆ ಬೇರೆ. ತನ್ನೊಂದಿಗೇ ತಾನು ಹೊಂದದ ಸ್ತಂಭದ ಹೆಸರಿನಲ್ಲಿ ಇನ್ನೊಬ್ಬರಿಗೆ ಹೊಂದಾಣಿಕೆಯ ಪಾಠ ಹೇಳಲಾಯಿತು.

ಇಂತಹ ಆಕ್ಷೇಪ ಇದೇ ಮೊದಲಲ್ಲ. 1981ರಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಮಡಿದವರ ಸ್ಮಾರಕಕ್ಕಾಗಿ ನಡೆದ ಸ್ಪರ್ಧೆಗೆ 1,421 ವಿನ್ಯಾಸಗಳು ಬಂದವು. ಗೆದ್ದವರು 21 ವರ್ಷದ ವಿದ್ಯಾರ್ಥಿನಿ ಮಾಯಾ ಲಿನ್. ನೆಲದೊಳಕ್ಕೆ ಇಳಿಯುವ ಕಪ್ಪು ಕಲ್ಲಿನ ಗೋಡೆ ಅವರ ವಿನ್ಯಾಸವಾಗಿತ್ತು. ಬಿಳಿಯದೇಕಿಲ್ಲ, ಎತ್ತರಕ್ಕೇಕೆ ಏರುವುದಿಲ್ಲ, ಇದು ಅವಮಾನದ ಗಾಯ ಎಂದು ಬೊಬ್ಬೆ ಹೊಡೆಯಲಾಯಿತು. ಆಕೆಯ ಏಷ್ಯನ್ ಮೂಲವನ್ನೂ ಕೆದಕಲಾಯಿತು. ಇಂದು ಅದೇ ಗೋಡೆಯ ಮೇಲೆ ಕೆತ್ತಿದ ಹೆಸರುಗಳನ್ನು ಮುಟ್ಟಿ ಕಣ್ಣೀರಿಡುವ ತಂದೆ ತಾಯಂದಿರನ್ನು, ಮಕ್ಕಳನ್ನು ಜಗತ್ತು ಕಂಡಿದೆ. ಮೊದಲ ನೋಟದ ತಿರಸ್ಕಾರವು ಕೊನೆಯ ತೀರ್ಪಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಆದರೆ ನ್ಯಾಯವು ಎರಡೂ ಕಡೆ ಸಲ್ಲಬೇಕು. ಟೀಕಿಸಿದವರೆಲ್ಲರೂ ಜನಾಂಗದ್ವೇಷಿಗಳೆಂದು ನಾವು ಹೇಳುವುದಿಲ್ಲ. ಎತ್ತರ, ನೋಟ, ಜಾಗಗಳ ಕುರಿತ ಪ್ರಶ್ನೆಗಳು ಕಾನೂನುಬದ್ಧವಾಗಿದ್ದವು. ಯೋಜನಾ ಆಯೋಗ ಮತ್ತು ಲಲಿತಕಲಾ ಆಯೋಗಗಳ ಮುಂದೆ ವರ್ಷಗಟ್ಟಲೆ ವಿಚಾರಣೆ ನಡೆಯಿತು. ಅದರ ಫಲವಾಗಿ ಕಟ್ಟಡದ ನೆಲಮೇಲಿನ ಗಾತ್ರ ಕುಗ್ಗಿತು, ಅರ್ಧಕ್ಕಿಂತ ಹೆಚ್ಚು ಭಾಗ ನೆಲದಡಿಗೆ ಹೋಯಿತು. ಇದರಿಂದ ಒಳಿತೂ ಆಯಿತು. ಇಂದು ಸಂದರ್ಶಕನು ಮೊದಲು ಕತ್ತಲ ಆಳಕ್ಕಿಳಿದು ಗುಲಾಮರ ಹಡಗುಗಳ ಕಾಲದಿಂದ ಹೆಜ್ಜೆ ಹೆಜ್ಜೆಯಾಗಿ ಮೇಲೇರಿ ಬೆಳಕಿಗೆ ಬರುತ್ತಾನೆ. ನಷ್ಟವೂ ಆಯಿತು. ಕಂಚಿನಲ್ಲಿ ಆಗಬೇಕಿದ್ದ ಹೊರಹೊದಿಕೆ ಭಾರ ಮತ್ತು ವೆಚ್ಚಗಳ ಕಾರಣದಿಂದ ಕಂಚಿನ ಬಣ್ಣ ಬಳಿದ 3,600 ಅಲ್ಯೂಮಿನಿಯಂ ಹಲಗೆಗಳಾಯಿತು. ದಕ್ಷಿಣ ರಾಜ್ಯಗಳಲ್ಲಿ ಗುಲಾಮ ಕಮ್ಮಾರರು ಬಡಿದು ಮಾಡಿದ ಕಬ್ಬಿಣದ ಜಾಲರಿಗಳ ನೆನಪು ಆ ಹಲಗೆಗಳ ನಕ್ಷೆಯಲ್ಲಿ ಉಳಿದಿದೆ. ‘ಈ ಕಟ್ಟಡ ಎರಡು ಅಡಿ ತಗ್ಗಲಿ’ ಎನ್ನುವುದು ಟೀಕೆ. ‘ಈ ಕಟ್ಟಡ ನಮ್ಮವರಂತೆ ಕಾಣಲಿ’ ಎನ್ನುವುದು ಯಜಮಾನಿಕೆ. ಮೊದಲನೆಯದಕ್ಕೆ ಕಿವಿಗೊಡಬೇಕು, ಎರಡನೆಯದನ್ನು ನಿರಾಕರಿಸಬೇಕು.

ಸ್ಮಿತ್ಸೋನಿಯನ್ ಕುರಿತೂ ನಮಗೊಂದು ತಕರಾರಿದೆ. ಮಾದರಿಗಳು ಸಿದ್ಧವಾದ ಮೇಲೆ ಕೆಲವೇ ದಿನಗಳ ಮಟ್ಟಿಗೆ ಬಾಗಿಲು ತೆರೆದು, ಅಭಿಪ್ರಾಯ ಪಡೆದು, ತೀರ್ಮಾನವನ್ನು ಮುಚ್ಚಿದ ಕೋಣೆಯಲ್ಲಿ ಕೈಗೊಳ್ಳುವುದು ಅರ್ಧ ಪ್ರಜಾಪ್ರಭುತ್ವ ಮಾತ್ರ. ಆದರೂ ಅಲ್ಲಿ ನಿಜವಾದ ಜನಾಭಿಪ್ರಾಯ ಬೇರೊಂದು ರೂಪದಲ್ಲಿ ವ್ಯಕ್ತವಾಯಿತು. 2005ರಲ್ಲಿ ನಿರ್ದೇಶಕರಾದ ಲಾನಿ ಬಂಚ್ ಅವರ ಕೈಯಲ್ಲಿ ಪ್ರದರ್ಶಿಸಲು ಒಂದೇ ಒಂದು ವಸ್ತುವೂ ಇರಲಿಲ್ಲ. ಅವರು ಊರೂರಿಗೆ ಹೋಗಿ, ಅಜ್ಜಿಯಂದಿರ ಪೆಟ್ಟಿಗೆಗಳನ್ನು ತೆರೆಸಿದರು. ಜನರು ಹಳೆಯ ಬಟ್ಟೆ, ಕಾಗದ, ಚಿತ್ರ, ಸಂಕೋಲೆಗಳನ್ನು ತಂದೊಪ್ಪಿಸಿದರು. ಸಂಗ್ರಹವು 36,000ಕ್ಕೂ ಮೀರಿತು. ವೆಚ್ಚವಾದ 54 ಕೋಟಿ ಡಾಲರುಗಳಲ್ಲಿ ಅರ್ಧದಷ್ಟು ದೇಣಿಗೆಯಿಂದ ಬಂತು. ಮಾದರಿಯ ಮುಂದೆ ನಿಂತು ಹೇಳಿದ ‘ಚೆನ್ನಾಗಿದೆ, ಚೆನ್ನಾಗಿಲ್ಲ’ಗಳಿಗಿಂತ ಈ ಮತವೇ ದೊಡ್ಡದು.

ಆ ಪರಂಪರೆಯಲ್ಲಿ ನಮ್ಮ ಪಾಲೂ ಇದೆ ಎಂಬುದನ್ನು ಓದುಗರು ಮರೆಯಬಾರದು. ಸಂಕೋಲೆಯಲ್ಲಿ ಅಟ್ಲಾಂಟಿಕ್ ದಾಟಿದವರಲ್ಲಿ ಮುಸ್ಲಿಮರೂ ಬಹಳಷ್ಟಿದ್ದರು. ಇಂದಿನ ಸೆನೆಗಲ್‌ನ ವಿದ್ವಾಂಸ ಉಮರ್ ಇಬ್ನು ಸಯೀದ್ 1807ರಲ್ಲಿ ಸೆರೆಯಾಗಿ ಅಮೆರಿಕದಲ್ಲಿ ಮಾರಾಟವಾದರು. 1831ರಲ್ಲಿ ಅವರು ಅರಬಿಯಲ್ಲಿ ತಮ್ಮ ಬದುಕಿನ ಕಥೆ ಬರೆದಾಗ ಸೂರಃ ಅಲ್ ಮುಲ್ಕ್‌ನಿಂದ ಆರಂಭಿಸಿದರು. ಸಕಲ ಒಡೆತನವೂ ಅಲ್ಲಾಹನದೆಂದು ಸಾರುವ ಅಧ್ಯಾಯ ಅದು. ಮನುಷ್ಯನನ್ನು ಆಸ್ತಿಯೆಂದು ಎಣಿಸಿದ ಒಡೆಯನ ಮನೆಯಲ್ಲಿ ಕುಳಿತು ಹಾಗೆ ಬರೆದದ್ದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಆ ಹಸ್ತಪ್ರತಿ 2017ರಲ್ಲಿ ಅಮೆರಿಕದ ಸಂಸತ್ ಗ್ರಂಥಾಲಯವನ್ನು ಸೇರಿತು.

ನಮ್ಮ ದೇಶದತ್ತಲೂ ಒಮ್ಮೆ ನೋಡೋಣ. ದಿಲ್ಲಿಯ ಸೆಂಟ್ರಲ್ ವಿಸ್ಟಾ ಯೋಜನೆಗೆ 2019ರಲ್ಲಿ ವಾಸ್ತುಶಿಲ್ಪ ಸಂಸ್ಥೆಯ ಆಯ್ಕೆ ನಡೆದಾಗ ಸ್ಪರ್ಧಿಸಿದ ವಿನ್ಯಾಸಗಳನ್ನು ಜನರ ಮುಂದೆ ಹೀಗೆ ಹರಡಿ ಇಡಲಾಯಿತೇ? ರಾಷ್ಟ್ರೀಯ ವಸ್ತುಸಂಗ್ರಹಾಲಯದ ಸ್ಥಳಾಂತರವೂ ಆ ಯೋಜನೆಯ ಭಾಗವಾಗಿದೆ. ಬಂದ ಸಾವಿರಕ್ಕೂ ಮಿಕ್ಕಿದ ಆಕ್ಷೇಪಗಳ ಆಲಿಕೆ ಎರಡು ದಿನಗಳಲ್ಲಿ ಮುಗಿಯಿತು. 2021ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಹುಮತದಿಂದ ಯೋಜನೆಯನ್ನು ಎತ್ತಿಹಿಡಿದರೂ, ಸಾರ್ವಜನಿಕರ ಪಾಲ್ಗೊಳ್ಳುವಿಕೆ ಸಮರ್ಪಕವಾಗಿರಲಿಲ್ಲವೆಂದು ನ್ಯಾಯಮೂರ್ತಿ ಸಂಜೀವ್ ಖನ್ನಾ ಭಿನ್ನ ತೀರ್ಪು ಬರೆದರು. ವಾಷಿಂಗ್ಟನ್ನಿನ ಅರ್ಧ ಪ್ರಜಾಪ್ರಭುತ್ವವನ್ನು ಟೀಕಿಸುವ ನಾವು ನಮ್ಮದು ಎಷ್ಟರ ಭಾಗವೆಂದು ಲೆಕ್ಕ ಹಾಕಿಕೊಳ್ಳಬೇಕಾಗಿದೆ.

2016ರ ಸೆಪ್ಟೆಂಬರ್ 24ರಂದು ವಸ್ತುಸಂಗ್ರಹಾಲಯ ತೆರೆಯಿತು. ಗುಲಾಮನಾಗಿ ಹುಟ್ಟಿದವನೊಬ್ಬನ 99 ವರ್ಷದ ಮಗಳು ರೂತ್ ಬಾನರ್, ಅಧ್ಯಕ್ಷ ಒಬಾಮರ ಕುಟುಂಬದ ಜೊತೆ ನಿಂತು ಗಂಟೆ ಬಾರಿಸಿದರು. ಕಥೆ ಅಲ್ಲಿಗೆ ಸುಖಾಂತವಾಯಿತೆಂದು ಭಾವಿಸಿದವರಿಗೆ 2025ರ ಮಾರ್ಚ್ 27 ಉತ್ತರ ಕೊಟ್ಟಿತು. ಅಂದು ಅಧ್ಯಕ್ಷ ಟ್ರಂಪ್ ಹೊರಡಿಸಿದ ಆದೇಶವು ಸ್ಮಿತ್ಸೋನಿಯನ್ ಸಂಸ್ಥೆಗಳಿಂದ ‘ಅನುಚಿತ ಸಿದ್ಧಾಂತ’ವನ್ನು ತೊಲಗಿಸಬೇಕೆಂದಿತು, ಈ ವಸ್ತುಸಂಗ್ರಹಾಲಯವನ್ನು ಹೆಸರಿಟ್ಟು ದೂರಿತು. ಹೊರಗಿನ ಕಿರೀಟ ಹೊಂದುವುದಿಲ್ಲ ಎಂಬಲ್ಲಿ ಸೋತ ವಾದವು ಈಗ ಒಳಗಿನ ಫಲಕಗಳು ಹೊಂದುವುದಿಲ್ಲ ಎಂದು ಮರಳಿದೆ.

ಆದ್ದರಿಂದ ಕಟ್ಟಡ ಎದ್ದಿತೆಂದ ಮಾತ್ರಕ್ಕೆ ನೆನಪು ಸುರಕ್ಷಿತವಾಗದು. ಲೋಹದ ಹಲಗೆಗಳನ್ನು ಕಾಯಲು ಕಾವಲುಗಾರರು ಸಾಕು. ಅವುಗಳ ಹಿಂದಿನ ಸತ್ಯವನ್ನು ಕಾಯಲು, ಅಂದು ಪೆಟ್ಟಿಗೆ ತೆರೆದು ಕೊಟ್ಟ ಜನರೇ ಬೇಕು. ತನ್ನ ಇತಿಹಾಸವನ್ನು ತಾನೇ ಬರೆದಿಡದ, ತನ್ನ ಮನೆಯ ಹಳೆಯ ಕಾಗದಗಳನ್ನು ಗೆದ್ದಲಿಗೆ ಬಿಟ್ಟ ಸಮುದಾಯವು ನಾಳೆ ಇತರರು ಬರೆದ ಇತಿಹಾಸದಲ್ಲಿ ತನಗೆ ಜಾಗವಿಲ್ಲವೆಂದು ಗೋಳಿಡುವುದರಲ್ಲಿ ಏನು ಅರ್ಥವಿದೆ?