ಮಂಡಿನೋವಿಗೆ ವಿಶ್ರಾಂತಿಯೇ ಮದ್ದೇ?

"ಅಜ್ಜಿ, ನೀವು ಏಳಬೇಡಿ, ಕುಳಿತಲ್ಲಿಗೇ ತಂದುಕೊಡುತ್ತೇನೆ." ಮಂಡಿನೋವಿನಿಂದ ಬಳಲುವ ಹಿರಿಯರಿರುವ ನಮ್ಮ ಮನೆಗಳಲ್ಲಿ ದಿನನಿತ್ಯ ಕೇಳಿಬರುವ ಮಾತಿದು. ಇದರ ಹಿಂದಿರುವ ಪ್ರೀತಿ ನಿರ್ವಿವಾದ. ಆದರೆ ಇದರ ಹಿಂದಿರುವ ತರ್ಕ ಸರಿಯೇ ಎಂಬುದು ಪರಿಶೀಲನಾರ್ಹ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2019ರಲ್ಲಿ ಜಗತ್ತಿನಲ್ಲಿ ಸುಮಾರು 52.8 ಕೋಟಿ ಜನರು ಸವೆತದ ಸಂಧಿವಾತಕ್ಕೆ ತುತ್ತಾಗಿದ್ದರು. ಅವರಲ್ಲಿ ಶೇ. 60ರಷ್ಟು ಮಂದಿ ಮಹಿಳೆಯರು. ಹೆಚ್ಚಾಗಿ ಬಾಧೆಗೊಳಗಾಗುವುದು ಮಂಡಿಯೇ.

ಹದಿನೇಳನೆಯ ಶತಮಾನದ ತತ್ತ್ವಜ್ಞಾನಿ ದೆಕಾರ್ತ್ ಶರೀರವನ್ನು ಯಂತ್ರಕ್ಕೆ ಹೋಲಿಸಿದನು. ನಾವೂ ಅರಿವಿಲ್ಲದೆ ಆ ಹೋಲಿಕೆಯನ್ನೇ ನಂಬಿದ್ದೇವೆ. ಗಾಡಿಯ ಚಕ್ರ ಓಡಿದಷ್ಟೂ ಸವೆಯುತ್ತದೆ; ಆದುದರಿಂದ ದುಡಿಸದಿದ್ದರೆ ಮಂಡಿ ಉಳಿಯುತ್ತದೆ ಎಂದು ಭಾವಿಸುತ್ತೇವೆ. ಆದರೆ ಜೀವಂತ ಕೀಲಿನ ಸ್ವಭಾವ ಬೇರೆ. ಅದರ ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ. ಕೀಲಿನೊಳಗಿನ ದ್ರವದಿಂದಲೇ ಅದಕ್ಕೆ ಮುಖ್ಯವಾಗಿ ಪೋಷಣೆ. ಆ ದ್ರವದ ಸಂಚಾರಕ್ಕೆ ಚಲನೆ ಅವಶ್ಯ. ಕುಳಿತೇ ಇದ್ದರೆ ತೊಡೆಯ ಸ್ನಾಯುಗಳು ಕ್ಷೀಣಿಸಿ ಮಂಡಿಗೆ ಆಸರೆ ತಪ್ಪುತ್ತದೆ.

ನಮ್ಮ ಆರೋಗ್ಯನೀತಿಯಲ್ಲಿಯೂ ಬಿಡಿಭಾಗ ಬದಲಿಸುವ ದೃಷ್ಟಿಯೇ ಮೇಲುಗೈ ಪಡೆದಂತಿದೆ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರವು ಕೃತಕ ಮಂಡಿಗಳ ಬೆಲೆಗೆ ಮಿತಿ ವಿಧಿಸಿತು. ಹೆಚ್ಚು ಬಳಕೆಯಲ್ಲಿದ್ದ ಕೋಬಾಲ್ಟ್-ಕ್ರೋಮಿಯಂ ಬಗೆಗೆ ತೆರಿಗೆ ಬಿಟ್ಟು 54,720 ರೂಪಾಯಿ ನಿಗದಿಯಾಯಿತು. 2024ರಲ್ಲಿ ಆಯುಷ್ಮಾನ್ ಭಾರತ್ ವಿಮೆಯು 70 ವರ್ಷ ದಾಟಿದ ಎಲ್ಲರಿಗೂ ವಿಸ್ತರಿಸಲ್ಪಟ್ಟಿತು. ಇವೆರಡೂ ಸ್ವಾಗತಾರ್ಹ. ಆದರೆ ಈ ವಿಮೆ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ಶಸ್ತ್ರಚಿಕಿತ್ಸೆಯ ಹಂತ ತಲುಪದ ಬಹುಸಂಖ್ಯಾತರ ಗತಿಯೇನು?

ಡೆನ್ಮಾರ್ಕ್ 2013ರಲ್ಲಿ ಒಂದು ಮಾರ್ಗ ಕಂಡುಕೊಂಡಿತು. 'ಗ್ಲ್ಯಾಡ್' ಎಂಬ ಅಲ್ಲಿಯ ಕಾರ್ಯಕ್ರಮದಲ್ಲಿ ರೋಗಿಗಳಿಗೆ ಮೊದಲು ರೋಗದ ಕುರಿತು ತಿಳಿವಳಿಕೆ ನೀಡಲಾಗುತ್ತದೆ. ಬಳಿಕ ವಾರಕ್ಕೆರಡು ಬಾರಿಯಂತೆ ಆರು ವಾರ, ಭೌತಚಿಕಿತ್ಸಕರ ಮೇಲ್ವಿಚಾರಣೆಯಲ್ಲಿ ಸಾಮೂಹಿಕ ವ್ಯಾಯಾಮ. ಕುರ್ಚಿಯಿಂದ ಏಳುವುದು, ಮೆಟ್ಟಿಲು ಏರುವುದು ಮುಂತಾದ ನಿತ್ಯದ ಚಲನೆಗಳನ್ನೇ ಕ್ರಮಬದ್ಧವಾಗಿ ಅಭ್ಯಾಸ ಮಾಡಿಸುತ್ತಾರೆ. ಕೆನಡಾ, ಆಸ್ಟ್ರೇಲಿಯಾಗಳೂ ಇದನ್ನು ಅಳವಡಿಸಿಕೊಂಡಿವೆ. ಬ್ರಿಟನ್ನಿನ 'ನೈಸ್' ಸಂಸ್ಥೆಯ 2022ರ ಮಾರ್ಗಸೂಚಿಯೂ ಈ ರೋಗದ ಎಲ್ಲರಿಗೂ ಸೂಕ್ತ ವ್ಯಾಯಾಮವನ್ನು ಶಿಫಾರಸು ಮಾಡಿದೆ.

ಇಲ್ಲಿ ಅತಿಶಯೋಕ್ತಿ ಸಲ್ಲದು. ವ್ಯಾಯಾಮವು ಸವೆದುದನ್ನು ಮರಳಿಸದು. ಅಧ್ಯಯನಗಳು ತೋರಿಸುವ ಉಪಶಮನ ಸಾಧಾರಣ ಪ್ರಮಾಣದ್ದು. ನಿಲ್ಲಿಸಿದರೆ ಅದೂ ಇಳಿಮುಖವಾಗುತ್ತದೆ. ಗುಂಪಿನ ಮಹತ್ವವಿರುವುದು ಇಲ್ಲಿಯೇ. ಮನೆಯಲ್ಲಿ ಒಬ್ಬರೇ ಆರಂಭಿಸಿದ ವ್ಯಾಯಾಮ ಒಂದೆರಡು ವಾರಗಳಲ್ಲಿ ನಿಂತುಹೋಗುವುದು ಸಾಮಾನ್ಯ. ಹತ್ತು ಮಂದಿ ಕಾಯುತ್ತಿದ್ದಾರೆಂದರೆ ಹೋಗದಿರಲು ಮನಸ್ಸು ಒಪ್ಪದು. ನೆರೆಯಾಕೆಗೂ ಅದೇ ನೋವು ಎಂದು ತಿಳಿದಾಗ ಭಯವೂ ಕಡಿಮೆಯಾಗುತ್ತದೆ.

ಇದಕ್ಕೆ ದುಬಾರಿ ಉಪಕರಣಗಳು ಬೇಕಿಲ್ಲ. ಗಟ್ಟಿಮುಟ್ಟಾದ ಕುರ್ಚಿಗಳು, ಗಾಳಿಬೆಳಕಿನ ಸಭಾಭವನ, ತರಬೇತಾದ ಭೌತಚಿಕಿತ್ಸಕರೊಬ್ಬರು ಸಾಕು. ನಮ್ಮ ಸಭಾಭವನಗಳು ವಾರದ ಬಹುಪಾಲು ದಿನ ಬೀಗ ಹಾಕಿಕೊಂಡಿರುತ್ತವೆ. ವಾರವಾರ ಸೇರುವ ಸ್ವಸಹಾಯ ಸಂಘಗಳೂ ಇವೆ. ಇವನ್ನು ಒಂದುಗೂಡಿಸುವ ಹೊಣೆ ಸ್ಥಳೀಯ ಸಂಸ್ಥೆಗಳದೂ ಹೌದು, ನಮ್ಮದೂ ಹೌದು. ಕೀಲುಗಳಲ್ಲಿ ಊತ, ಬಿಸಿ ಇರುವವರೂ ಹೃದ್ರೋಗಿಗಳೂ ವೈದ್ಯರ ಸಲಹೆ ಪಡೆದೇ ಸೇರತಕ್ಕದ್ದು.

ಅಜ್ಜಿಗೆ ನೀರು ತಂದುಕೊಡುವುದು ಸೇವೆಯೇ ಸರಿ. ವಾರಕ್ಕೆರಡು ಸಂಜೆ ಆಕೆಯ ಕೈಹಿಡಿದು ವ್ಯಾಯಾಮದ ತರಗತಿಗೆ ಕರೆದೊಯ್ಯುವುದು ಅದಕ್ಕಿಂತಲೂ ದೊಡ್ಡ ಸೇವೆಯಾದೀತು.