ಶಿಡ್ಲಘಟ್ಟದ ಮಗಳಿಗೂ ಒಂದು ಸೆಮಿಸ್ಟರ್ ವಿದೇಶ

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದಿ 1960ರಲ್ಲಿ ಡಾಕ್ಟರೇಟ್ ಪಡೆದರು. ಅಲ್ಲೇ ನೆಲೆಯೂರದೆ ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಗೇ ಮರಳಿದರು. ಗೌರಿಬಿದನೂರು, ಬಾಗೇಪಲ್ಲಿಯ ಮಕ್ಕಳಿಗೂ ಕಾಲೇಜು ಸಿಗುವಂತೆ ದುಡಿದರು. ಹೊರಗೆ ಹೋದವರು ಊರಿಗೆ ದಕ್ಕುವುದಿಲ್ಲ ಎನ್ನುವವರು ಇದನ್ನು ನೆನೆಯಬೇಕು.

ಈಗ ವಿನಿಮಯ ಸೆಮಿಸ್ಟರ್‌ಗೆ ಹೋಗುವವರು ಹೆಚ್ಚಾಗಿ ನಗರದ ಖಾಸಗಿ ಕಾಲೇಜಿನವರು. ವಿದೇಶಿ ವಿಶ್ವವಿದ್ಯಾಲಯದೊಂದಿಗೆ ಒಪ್ಪಂದವಿದ್ದರೆ ಸಾಮಾನ್ಯವಾಗಿ ಶುಲ್ಕವನ್ನು ತವರು ಕಾಲೇಜಿಗೆ ಕಟ್ಟಿದರೆ ಸಾಕು, ಅಲ್ಲಿನ ಕ್ರೆಡಿಟ್ ಇಲ್ಲಿನ ಪದವಿಗೆ ಸೇರುತ್ತದೆ. ವೀಸಾ, ವಿಮಾನ, ಬಾಡಿಗೆ ಮಾತ್ರ ಮನೆಯವರ ತಲೆಮೇಲೆ. ಹಿಪ್ಪುನೇರಳೆ ಸೊಪ್ಪು ಕಡಿದು, ಚಂದ್ರಿಕೆಯಿಂದ ರೇಷ್ಮೆ ಗೂಡು ಬಿಡಿಸಿ, ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಅಂದಿನ ಹರಾಜು ದರಕ್ಕೆ ಕಾಯುವ ಮನೆಯ ಹುಡುಗಿ ಅರ್ಜಿಯನ್ನೇ ಹಾಕುವುದಿಲ್ಲ.

ಇದು ಅನ್ಯಾಯ. ಯುರೋಪ್ 1987ರಿಂದ ಎರಾಸ್ಮಸ್ ಎಂಬ ವಿನಿಮಯ ಯೋಜನೆಯಲ್ಲಿ ಹೊರದೇಶಕ್ಕೆ ಓದಲು ಹೋಗುವ ಮಕ್ಕಳ ಖರ್ಚಿಗೆ ನೆರವಾಗುತ್ತಿದೆ.

ನಮ್ಮಲ್ಲೂ ಇದು ಸಾಧ್ಯ. ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಕಾಲೇಜಿದೆ. ದ್ವಿತಳಿ ರೇಷ್ಮೆಯ ತಂತ್ರಜ್ಞಾನ ಕಲಿಸಲು 1990ರ ದಶಕದಲ್ಲಿ ಜಪಾನಿನ ತಜ್ಞರು ಕರ್ನಾಟಕಕ್ಕೆ ಬಂದಿದ್ದರು. ಈಗ ಇಲ್ಲಿಯ ವಿದ್ಯಾರ್ಥಿಗಳು ಅಲ್ಲಿಗೆ ಹೋಗಲಿ. ಒಪ್ಪಂದವನ್ನು ವಿಶ್ವವಿದ್ಯಾಲಯ ಮಾಡಲಿ, ಪ್ರಯಾಣ ಮತ್ತು ವಸತಿಯ ವೆಚ್ಚವನ್ನು ಸರ್ಕಾರ ಮುಂಗಡವಾಗಿಯೇ ಕೊಡಲಿ. ಬಿಲ್ ತಂದಮೇಲೆ ಕೊಡುತ್ತೇವೆಂದರೆ ಬಡವರ ಮನೆಯಿಂದ ಯಾರೂ ಹೊರಡಲಾರರು.